ಎಡಗಡೆಯ ಬ್ರೇಕು

ಮೊದಲು ಹತ್ತಿದ್ದು ತಣ್ಣೀರುಹಳ್ಳದ ಏರಿನಲ್ಲಿ,
ಎಂಜಿನ್ನಿನ ಗುರುತಿರುವ ಆ ಹಳದಿ ದೀಪ,
ಅರಿಶಿನದಲ್ಲಿ ಬರೆದ ಪುಟ್ಟ ನಲ್ಲಿಯ ಹಾಗೆ.
"ಇದೇನು ಮೇಡಂ?" ಅಂದಳು ನರ್ಸಿಂಗ್ ಓದುವ ಹುಡುಗಿ.
"ಏನಿಲ್ಲ, ರಸ್ತೆ ನೋಡು" ಅಂದೆ.
ಹದಿನಾರು ವರ್ಷದಿಂದ ಹಾಸನಕ್ಕೆ ಕಾರು ಕಲಿಸುತ್ತಿದ್ದೇನೆ,
ರಸ್ತೆ ನೋಡು ಅನ್ನುವುದಕ್ಕೆ
ನನಗೆ ಯೋಚನೆ ಬೇಕಿಲ್ಲ.

ಪೆನ್ಷನ್ ಮೊಹಲ್ಲಾದ ಇನಾಯತ್
ಸ್ಕ್ಯಾನರಿನ ಬಾಲವನ್ನು ಸ್ಟೇರಿಂಗಿನ ಕೆಳಗೆ ಚುಚ್ಚಿ ಓದಿದ:
ಆಕ್ಸಿಜನ್ ಸೆನ್ಸರ್.
ಹೊಸದು ಹಾಕಿದ. ಎರಡು ಸಾವಿರದ ಎಂಟುನೂರು.
ದೀಪ ಆರಿತು, ಮೂರು ದಿನ ಆರಿಯೇ ಇತ್ತು.
ನಾಲ್ಕನೆಯ ದಿನ ಎನ್.ಆರ್. ಸರ್ಕಲ್ಲಿನಲ್ಲಿ
ಆಲೂಗಡ್ಡೆ ಲಾರಿಯೊಂದು ಮೂತಿ ತೂರಿಸಿದಾಗ
ಮತ್ತೆ ಬಂದು ಕೂತಿತು, ಹೇಳದೆ ಬಂದ ನೆಂಟನಂತೆ,
ಚಪ್ಪಲಿ ಕೂಡ ಬಿಡದೆ.

ಆಮೇಲೆ ಪ್ಲಗ್ಗು. ಆಮೇಲೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ,
ರಬ್ಬರು ಸವೆದಿದೆ ಅಂತ ಬಂಕಿನ ಹುಡುಗ ಹೇಳಿದ್ದಕ್ಕೆ.
"ಬ್ಯಾಟರಿ ಬಿಚ್ಚಿ ಹತ್ತು ನಿಮಿಷ ಬಿಡಿ" ಅಂದರು
ಎದುರಿನ ಡ್ರೈವಿಂಗ್ ಸ್ಕೂಲಿನವರು,
ನಗು ಕಾಣದಂತೆ ಮೀಸೆ ಒರೆಸಿಕೊಳ್ಳುತ್ತ.
ಬಿಚ್ಚಿದೆ. ಗಡಿಯಾರ ಹನ್ನೆರಡಕ್ಕೆ ಹೋಯಿತು, ದೀಪವೂ ಹೋಯಿತು.
ಗಡಿಯಾರ ಇವತ್ತಿಗೂ ಸರಿಯಾಗಿಲ್ಲ. ದೀಪ ಬಂತು.
ಇನಾಯತ್ ವಾರಕ್ಕೆರಡು ಸಲ ಅಳಿಸಿ ಕಳಿಸುತ್ತಿದ್ದ,
ಸ್ಲೇಟು ಒರೆಸಿದ ಹಾಗೆ.

ಒಂದು ದಿನ ಹಣೆಯ ಬಿಂದಿ ಕಿತ್ತು
ದೀಪದ ಮೇಲಿನ ಗಾಜಿಗೆ ಅಂಟಿಸಿದೆ.
ಮರೂನ್ ಬಣ್ಣದ್ದು, ದೊಡ್ಡ ಸೈಜು.
ಗ್ರಹಣದ ಸೂರ್ಯನಂತೆ ಅಂಚಿನಲ್ಲಿ ಹಳದಿ ಸೋರುತ್ತಿತ್ತು.
ಗಾಡಿಯೇನೋ ಓಡುತ್ತಿತ್ತು.

ಜವರಮ್ಮ ಸೇರಿದ್ದು ಆ ವಾರವೇ.
ಐವತ್ತೆರಡು ವಯಸ್ಸು, ಕಟ್ಟಾಯದ ಕಡೆ ಅಂಗನವಾಡಿ.
ಸ್ಟೇರಿಂಗನ್ನು ಕುದಿಯುವ ಪಾತ್ರೆಯಂತೆ ಹಿಡಿಯುತ್ತಾಳೆ,
ಕಣ್ಣು ಮಾತ್ರ ಹೊರಗೆ ನಿಲ್ಲುವುದಿಲ್ಲ,
ಮುಳ್ಳಿನ ಮೇಲೆ, ಅಂಕಿಯ ಮೇಲೆ,
ಬಿಂದಿಯ ಸುತ್ತಲಿನ ಆ ಹಳದಿಯ ಮೇಲೆ.
ರಸ್ತೆ ನೋಡಿ ಜವರಮ್ಮ, ರಸ್ತೆ ನೋಡಿ.
ಡೈರಿ ಸರ್ಕಲ್ಲಿನಲ್ಲಿ ಹಸು. ನಾನು ಒತ್ತಿದೆ.
ರಿಂಗ್ ರೋಡಿನ ಉಬ್ಬು. ನಾನು ಒತ್ತಿದೆ.
ಎದುರಿನ ಸ್ಕೂಟರಿನವನು ಇನ್ನೂ ಅರ್ಧ ಫರ್ಲಾಂಗು ದೂರ,
ನಾನು ಒತ್ತಿದೆ.

ಆಗ ಅವಳು, ಮಗುವಿನ ತೂಕ ಬರೆದುಕೊಳ್ಳುವ ದನಿಯಲ್ಲಿ:
"ಬೆಳಿಗ್ಗೆ ಇದು ಇರ್ಲಿಲ್ಲ ಮೇಡಂ.
ಹಸು ಬಂದಾಗ ನೀವು ಆ ಕಡೆ ಕಾಲು ಒತ್ತಿದ್ರಲ್ಲ,
ಆವಾಗ ಹತ್ಕೊಳ್ತು.
ಸೋಮವಾರಾನೂ ಹಂಗೇ. ಗುರುವಾರಾನೂ.
ನಾನು ನೋಡ್ತಾನೇ ಇದೀನಿ."

ಇನಾಯತ್ ನನ್ನ ಸೀಟಿನ ಕೆಳಗೆ ತಲೆಕೆಳಗಾಗಿ ನುಗ್ಗಿದ,
ಟಾರ್ಚು ಹಲ್ಲಿನಲ್ಲಿ ಕಚ್ಚಿ.
ಬಹಳ ಹೊತ್ತು ಅವನ ಹಿಮ್ಮಡಿ ಮಾತ್ರ ಕಾಣುತ್ತಿತ್ತು.
ಕಲಿಸುವವರಿಗೆಂದು ಲೇತಿನವನು ಕೂರಿಸಿದ ಎರಡನೆಯ ಪೆಡಲು,
ಅದರ ಸರಳು, ಆ ಸರಳಿನ ಪಕ್ಕ
ಕಂಪ್ಯೂಟರ್ ಪೆಟ್ಟಿಗೆಗೆ ಹೋಗುವ ವೈರುಗಳ ಜಡೆ.
ಒತ್ತಿದಷ್ಟು ಸಲ ಉಜ್ಜಿ ಉಜ್ಜಿ
ಹಸಿರು ವೈರೊಂದರ ಚರ್ಮ ಹೋಗಿತ್ತು,
ತಾಮ್ರ ಕಬ್ಬಿಣಕ್ಕೆ ತಾಗುತ್ತಿತ್ತು.

"ಮಿಷನ್ ಸುಳ್ಳು ಹೇಳಿರ್ಲಿಲ್ಲ ಮೇಡಂ" ಅಂದ, ಕೈ ಒರೆಸಿಕೊಳ್ಳುತ್ತ.
"ಮಗು ಎಲ್ಲಿ ಅಳ್ತಾ ಇದೆ ಅಂತ ಹೇಳ್ತು.
ಚಿವುಟಿದ್ದು ಯಾರು ಅಂತ ಅದಕ್ಕೇನು ಗೊತ್ತು."
ತೊಟ್ಟಿಲಿನ ಮಾತನ್ನು ಅವನು ಎತ್ತಲಿಲ್ಲ.
ನಾನೂ ಎತ್ತಲಿಲ್ಲ.
ಟೇಪು, ಒಂದು ರಬ್ಬರ್ ಕೊಳವೆ, ಎರಡು ಪ್ಲಾಸ್ಟಿಕ್ ಪಟ್ಟಿ.
ನೂರಾ ಇಪ್ಪತ್ತು ರೂಪಾಯಿ. ಟೀ ಅವನದೇ.

ಇವತ್ತಿಗೆ ಹನ್ನೊಂದು ದಿನ.
ಬಿಂದಿ ಕಿತ್ತರೂ ಗಾಜಿನ ಮೇಲೆ ಅಂಟು ಉಳಿದಿದೆ,
ಧೂಳು ಹಿಡಿದು ದುಂಡಗೆ.
ಡೈರಿ ಸರ್ಕಲ್ಲಿನಲ್ಲಿ ಅದೇ ಹಸು.
ನನ್ನ ಕಾಲು ತಾನಾಗಿ ಎದ್ದಿತು, ಪೆಡಲಿನ ಮೇಲೆ ಒಂದಂಗುಲ
ತೇಲುತ್ತ ನಿಂತಿತು.
ಜವರಮ್ಮ ಒತ್ತಿದಳು. ತಡವಾಗಿ, ಜೋರಾಗಿ,
ಹಿಂದಿನ ಸೀಟಿನ ಛತ್ರಿ ಮುಂದಕ್ಕೆ ಬಂತು.
ನಾನು ಬಾಗಿ ನೋಡಿದೆ, ದೀಪ ಹತ್ತಿತೇ ಎಂದು.

"ರಸ್ತೆ ನೋಡಿ ಮೇಡಂ" ಅಂದಳು.
ಹಸು ಆಗಲೇ ದಾಟಿಯಾಗಿತ್ತು.