ಪ್ರೆಸಿಡೆಂಟ್ ಸ್ಟಾಪ್

ಮೂರ್ನಾಡು ದಾಟಿ ಮೂರನೇ ತಿರುವಿನಲ್ಲಿ
ಕಂಡಕ್ಟರ್ ಕೂಗುತ್ತಾನೆ: ಪ್ರೆಸಿಡೆಂಟ್, ಪ್ರೆಸಿಡೆಂಟ್ ಇಳೀರಿ!
ಇಳಿದವರು ಇಬ್ಬರೇ.
ಕರಿಮೆಣಸಿನ ಮೂಟೆಗೆ ಟಿಕೆಟ್ ಕೊಡದೆ ಜಗಳವಾಡಿದ ಹೆಂಗಸು,
ಕಂಕುಳಲ್ಲಿ ಫೈಲು, ಜೇಬಲ್ಲಿ ಅಳತೆ ಟೇಪು ಇರುವ ನಾನು.

ಪಾರಂಪರಿಕ ಕಟ್ಟಡಗಳ ನಮೂನೆ ತುಂಬುವುದು ನನ್ನ ಕೆಲಸ.
ಉದ್ದ, ಅಗಲ, ಗೋಡೆಯ ದಪ್ಪ, ಹೆಂಚಿನ ಮೇಲೆ ಒತ್ತಿದ ಕಂಪನಿಯ ಹೆಸರು,
ಇದಕ್ಕೆಲ್ಲ ಬೇಕಾದಷ್ಟು ಜಾಗ ಬಿಟ್ಟಿದ್ದಾರೆ.
ಒಂಬತ್ತನೇ ಕಾಲಂ:
ಸಾರ್ವಜನಿಕರ ನೆನಪಿನಲ್ಲಿ ಈ ಮನೆಯ ಸ್ಥಾನ.
ಅದಕ್ಕೆ ಅರ್ಧ ಇಂಚು.

ಯಾವುದರ ಪ್ರೆಸಿಡೆಂಟ್? ಎಂದೆ ಮೊಯಿದುವಿನ ಚಾ ಅಂಗಡಿಯಲ್ಲಿ.
ದೇಶದ್ದೇ ಇರಬೇಕು ಸಾರ್, ಅಂದ ಸ್ಕೂಲ್ ಬ್ಯಾಗಿನ ಹುಡುಗ.
ಫುಟ್‌ಬಾಲ್ ಕ್ಲಬ್ಬಿನದು, ಅಂದ ಇನ್ನೊಬ್ಬ.
ಬೆಂಚಿನ ತುದಿಯ ಮುದ್ದಯ್ಯ ಮಾತ್ರ ಬಸಿಗೆ ಸುರಿದ ಚಾ ಮುಗಿಸಿ
ಮೀಸೆ ಒರೆಸಿಕೊಂಡು ಹೇಳಿದರು:
ತಾಲ್ಲೂಕು ಬೋರ್ಡು. ಹನ್ನೊಂದು ತಿಂಗಳು.
ಹನ್ನೆರಡನೇ ತಿಂಗಳು ಜೊತೆಗಿದ್ದವರೇ ಕೈ ಎತ್ತಿ ಇಳಿಸಿದರು.
ಆಮೇಲೆ ಮೂವತ್ತೊಂದು ವರ್ಷ ಬದುಕಿದ್ದರು.
ಕುರ್ಚಿ ಹೋಯ್ತು, ಹೆಸರು ಹೋಗಲಿಲ್ಲ,
ಎಷ್ಟು ತೊಳೆದರೂ ಬೆರಳು ಬಿಡದ ಹಲಸಿನ ಮೇಣದ ಹಾಗೆ.
ಅವರ ನಿಜವಾದ ಹೆಸರು?
ಮುದ್ದಯ್ಯ ಬಸಿಯನ್ನು ನೋಡಿದರು. ಬಸಿ ಖಾಲಿ.

ಮಣ್ಣಿನ ಓಣಿ ಹತ್ತಿದರೆ ಅಂಗಳ, ಕೆತ್ತನೆಯ ಕಂಬ, ಐಮರ.
ಐಮರದ ಮೇಲೆ ಬ್ಲೌಸ್ ಪೀಸುಗಳನ್ನು ಹರಡಿ
ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು ಮೊಮ್ಮಗಳು ಚೋಂದವ್ವ.
ಒಳಗೆ ನಾಲ್ಕು ಹೊಲಿಗೆ ಮೆಷಿನ್, ಐದು ಹುಡುಗಿಯರು,
ತೂಗುದೀಪದ ಕೆಳಗೆ ದಾರದ ಉಂಡೆಗಳು.
ಗೋಡೆಯಲ್ಲಿ ಒಂದು ಬಿಳಿ ಚೌಕ.
ಫೋಟೋನಾ? ಸಮುದಾಯ ಭವನದ ಉದ್ಘಾಟನೆಗೆ ಅಂತ ಪಂಚಾಯ್ತಿಯವರು ಒಯ್ದರು.
ನಾಲ್ಕು ವರ್ಷ ಆಯ್ತು. ಈಗ ಗೋಡೌನಿನಲ್ಲಿದ್ದಾನಂತೆ ಅಜ್ಜ,
ಕಾಲು ಮುರಿದ ಕುರ್ಚಿಗಳ ಜೊತೆ, ಗೋಡೆಗೆ ಮುಖ ಮಾಡಿ.
ಅವಳು ನಕ್ಕಳು. ಬಾಯಲ್ಲಿ ಗುಂಡುಪಿನ್ನು ಇತ್ತು.
ನೀವು ಇದನ್ನ ಮ್ಯೂಸಿಯಂ ಮಾಡಿದರೆ
ಈ ಹುಡುಗಿಯರನ್ನ ಯಾವ ಕಾಲಂನಲ್ಲಿ ಕೂರಿಸ್ತೀರಿ?

ನಾನು ಟೇಪಿನ ತುದಿಯನ್ನು ಕಂಬಕ್ಕೆ ಹಿಡಿದೆ.
ಹದಿನಾಲ್ಕು ಅಡಿ ಎರಡು ಇಂಚು.

ಪಡುವಣ ಗೋಡೆಯ ಕಿಟಕಿಗೆ ಬಂದಾಗ ಟೇಪು ನಿಂತಿತು.
ಆರು ಸರಳುಗಳಲ್ಲಿ ಎರಡು ಮಾತ್ರ
ನಡುವಲ್ಲಿ ಸವೆದು ಸಣ್ಣಗಾಗಿದ್ದವು,
ಉಳಿದವಕ್ಕೆ ತುಕ್ಕು, ಇವಕ್ಕೆ ಹೊಳಪು.
ಫೋನ್ ಇದ್ದದ್ದು ಈ ಕೋಣೆಯಲ್ಲಿ, ಅಂದಳು ಚೋಂದವ್ವ.
ನಂಬರ್ ಏಳು. ಊರಿಗೆಲ್ಲ ಅದೊಂದೇ.
ಟ್ರಂಕ್ ಕಾಲ್ ಬುಕ್ ಮಾಡಿದವರು ಅಂಗಳದಲ್ಲಿ
ಈ ಸರಳು ಹಿಡಿದು ನಿಲ್ಲುತ್ತಿದ್ದರು.
ಹೆರಿಗೆ, ಸಾವು, ಪಲ್ಟನ್ನಿನಿಂದ ರಜೆ, ಕಾಫಿಯ ರೇಟು,
ಎಲ್ಲ ಇಲ್ಲಿಂದಲೇ ಹೊರಗೆ ಬಂದದ್ದು.

ಸೌದೆ ಇಳಿಸಲು ಬಂದ ಕರ್ಪಿ ಅಷ್ಟೂ ಕೇಳಿಸಿಕೊಂಡಿದ್ದಳು.
ಹೊರೆ ಬಿದ್ದ ಸದ್ದು, ಆಮೇಲೆ ಅವಳ ಮಾತು:
ನಾನೂ ಹಿಡಿದಿದ್ದೆ. ಮಗ ಮೈಸೂರಿನ ಆಸ್ಪತ್ರೇಲಿ.
ಮೆಟ್ಟಿಲು ಹತ್ತೋಕೆ ನಮ್ಮನ್ನ ಬಿಡ್ತಿರಲಿಲ್ಲ.
ಆವತ್ತು ಅವರೇ ಇಳಿದು ಬಂದರು, ಚಪ್ಪಲಿ ಹಾಕದೆ.
ಹೇಳಬೇಕಾದ್ದನ್ನ ನಿಂತೇ ಹೇಳಿದರು.
ನಾಕು ದಿನ ಕಳೆದು ಮತ್ತೆ ಬಂದೆ, ಕೂಲಿಗೆ.
ಮೆಟ್ಟಿಲು ಇದ್ದ ಹಾಗೇ ಇತ್ತು.

ಚೋಂದವ್ವ ಬಾಯಿಂದ ಪಿನ್ನು ತೆಗೆದಳು.
ಒಳಗೆ ಒಂದು ಮೆಷಿನ್ ನಿಂತಿತು, ಮತ್ತೆ ಶುರುವಾಯಿತು.
ಇದನ್ನ ಬರೀತೀರಾ? ಎಂದಳು ಕರ್ಪಿ,
ಬೇಡ ಅಂದಳೋ ಬರಿ ಅಂದಳೋ ನನಗೆ ತಿಳಿಯಲಿಲ್ಲ.
ಅರ್ಧ ಇಂಚಿನಲ್ಲಿ ಮೊದಲು ಬರೆದೆ: ಇಳಿದು ಬಂದರು.
ಅದರ ಮೇಲೆ, ಇರುಕಿಸಿ: ಮೆಟ್ಟಿಲು ಇತ್ತು.
ಎರಡೂ ಸೇರಿ ಓದಲಾಗದಂತಾಯಿತು.
ಆಫೀಸಿನಲ್ಲಿ ಖಂಡಿತ ವಾಪಸ್ ಕಳಿಸುತ್ತಾರೆ.

ನಾಲ್ಕೂವರೆಯ ಬಸ್ಸು. ಮೂರ್ನಾಡು ಒಂದು, ಎಂದೆ.
ಮೆಷಿನ್ ಕಿರ್ರೆಂದು ಚೀಟಿ ಉಗುಳಿತು.
ಎಲ್ಲಿಂದ: ಪ್ರೆಸಿಡೆಂಟ್.
ಮಾಜಿ ಅಂತಿಲ್ಲ, ದಿವಂಗತ ಅಂತಿಲ್ಲ.
ಇವತ್ತಿನ ತಾರೀಕು, ಹದಿನೈದು ರೂಪಾಯಿ.
ಲಗತ್ತಿಸಿದ ದಾಖಲೆಗಳು ಎಂಬಲ್ಲಿ
ಅದನ್ನೇ ಪಿನ್ನು ಮಾಡಿದೆ.
ಪಿನ್ನು ಚೋಂದವ್ವನದು.