ತಗಡಿನ ಮನೆಯ ಕಿವಿ

ಆ ವರ್ಷ ಮೀನು ಮಾರಿದ ದುಡ್ಡಲ್ಲಿ ಅಜ್ಜಿ
ಗೋಡೆಗೆ ಹೊರಗಿನಿಂದ ತಗಡು ಹೊಡೆಸಿದಳು,
ಅಲೆ ಅಲೆ ತಗಡು, ಹಳದಿ ಬಣ್ಣ.
ಹಳೆಯ ಮರದ ಚಕ್ಕೆಗಳು ಒಳಗೇ ಉಳಿದವು,
ಗಾಳಿ ಹೊರಗುಳಿಯಿತು,
ಗಾಳಿಯ ಜೊತೆ ರೇಡಿಯೋ ಕೂಡ.

ಚಿಲೊಯೆಯ ಅಂಚಿಗೆ ನಮ್ಮದೊಂದು ಚೂರು ದ್ವೀಪ.
ಹನ್ನೊಂದು ಮನೆ, ಒಂದು ಇಗರ್ಜಿ, ಫೋನಿಲ್ಲ.
ಯಾರು ಸತ್ತರು, ಯಾರು ಹೆತ್ತರು,
ದೋಣಿ ಗುರುವಾರವೋ ಶುಕ್ರವಾರವೋ,
ಎಲ್ಲವನ್ನೂ ಸಂಜೆ ಏಳಕ್ಕೆ ಕಾಸ್ತ್ರೋ ಊರಿನ ರೇಡಿಯೋ ಓದಬೇಕು:
ಇಂಥ ದ್ವೀಪದ ಇಂಥವರಿಗೆ ಇಂಥವರಿಂದ.
ಕೊನೆಗೊಂದು ಮಾತು, ದಿನವೂ ಅದೇ:
ಕೇಳಿಸಿಕೊಂಡವರು ದಯವಿಟ್ಟು ತಲುಪಿಸಿ.

ತಗಡು ಹೊಡೆದ ಮೇಲೆ ಏಳು ಗಂಟೆಗೆ
ಬಾಣಲೆಯಲ್ಲಿ ಏನೋ ಹುರಿಯುವ ಸದ್ದು, ಅಷ್ಟೆ.

ಬೌದಿಲಿಯೊ ಮಾವ ಇಕ್ಕಳ ಹಿಡಿದು ಬಂದ.
ಕಾವಿಗೆ ಕೂತ ಕೋಳಿಯನ್ನು ಸರಿಸುವ ಹಾಗೆ
ರೇಡಿಯೋವನ್ನು ಮೆಲ್ಲಗೆ ತಿರುಗಿಸಿದ:
ಕಿಟಕಿಯ ಕಡೆ, ಒಲೆಯ ಕಡೆ, ಮಾತೆ ಮರಿಯಳ ಪಟದ ಕಡೆ.
ಕೋಟು ನೇತುಹಾಕುವ ಕೊಕ್ಕೆ ಸಿಕ್ಕಿಸಿದ.
ಸಿಗರೇಟು ಪೊಟ್ಟಣದ ಬೆಳ್ಳಿಕಾಗದ ಸುತ್ತಿದ.
ಗಾಳದ ನೈಲಾನು ದಾರವನ್ನೂ ಕಟ್ಟಿ ನೋಡಿದ,
'ಅದರಲ್ಲಿ ಮೀನು ಬಂದೀತು' ಎಂದಳು ಅಜ್ಜಿ.

ಕೆಟ್ಟ ಮೋಟರಿನ ಹೊಟ್ಟೆಯಿಂದ ತಾಮ್ರದ ತಂತಿ ಬಿಚ್ಚಿ ತಂದ.
ಮೊಳೆ ಹುಡುಕುವ ತನಕ ಹಿಡಿದಿರು ಎಂದು
ಒಂದು ತುದಿ ನನ್ನ ಕೈಗೆ ಕೊಟ್ಟ.
ಥಟ್ಟನೆ ಒಬ್ಬ ಗಂಡಸು ಕೋಣೆಯೊಳಗೆ ಮಾತಾಡಿದ!
ಬೆಚ್ಚಿ ಕೈಬಿಟ್ಟೆ, ಮತ್ತೆ ಬಾಣಲೆ.
ಹಿಡಿದೆ, ಗಂಡಸು.
'ಬಿಡಬೇಡವೇ!' ಎಂದರು ಇಬ್ಬರೂ.

ಅವತ್ತಿನಿಂದ ಆರೂಮುಕ್ಕಾಲಿಗೆ ನನ್ನ ಪಾಳಿ.
ಒಂಬತ್ತು ವರ್ಷದ ಹುಡುಗಿ, ಸ್ಟೂಲಿನ ಮೇಲೆ,
ಕೈ ಎತ್ತಿ, ತಂತಿ ಹಿಡಿದು.
ಒದ್ದೆ ಕೈಯಾದರೆ ಇನ್ನೂ ಸ್ಪಷ್ಟ.
ಆಲೂಗಡ್ಡೆ ತಿಂದರೂ ಸ್ಪಷ್ಟ ಎನ್ನುತ್ತಿದ್ದ ಮಾವ,
ಅದು ಸುಳ್ಳು, ಆದರೂ ತಿನ್ನುತ್ತಿದ್ದೆ.
ಟಗರಿನ ಬೆಲೆ, ಯಾರದೋ ಉತ್ತರಕ್ರಿಯೆ,
ಹಲ್ಲಿನ ಡಾಕ್ಟರು ಬರುವ ದಿನ
ನನ್ನ ಮೊಣಕೈಯಲ್ಲಿ ಹಾದು ಹೋದವು.
ಜೋಮು ಹಿಡಿದದ್ದು ನನಗೆ, ಸುದ್ದಿ ಊರಿಗೆ.

ಒಂದು ಸಂಜೆ ಎದುರು ದ್ವೀಪದ ರೊಸಾಲ್ಬಾ ಚಿಗುವಾಯ್‌ಗೆ, ಗಂಡನಿಂದ:
ಆಪರೇಷನ್ ಮುಗಿಯಿತು. ಕಾಲು ತೆಗೆದಿಲ್ಲ. ಎತ್ತು ಮಾರಬೇಡ.

ಅಜ್ಜಿ ಮಾವನ ಮುಖ ನೋಡಿದಳು.
ರೊಸಾಲ್ಬಾಳ ಬ್ಯಾಟರಿ ಸತ್ತು ನಾಲ್ಕು ದಿನ.
ಎತ್ತು ಕೊಳ್ಳುವವನ ದೋಣಿ ಬೆಳಗ್ಗೆಯೇ.
ಲಾಂದ್ರ, ಉಣ್ಣೆಯ ಶಾಲು, ಹುಟ್ಟು.
ಕತ್ತಲೆಗೆ ಇಳಿದೇ ಹೋದರು.

ಕೈ ಬಿಡು ಎಂದು ಯಾರೂ ಹೇಳಲಿಲ್ಲ.
ಇನ್ನೊಂದು ಮಾತು ಬಂದೀತೆಂದು ನಿಂತೇ ಇದ್ದೆ.
ಮಾತು ಮುಗಿದು ಅಕಾರ್ಡಿಯನ್ ಬಂತು,
ಅಕಾರ್ಡಿಯನ್ ಮುಗಿದು ಸಾಬೂನಿನ ಜಾಹೀರಾತು,
ಆಮೇಲೆ ಯಾರೋ ಶುಭರಾತ್ರಿ ಎಂದರು.
ನಾನೂ ಎಂದೆ.
ಒಲೆ ಆರಿತ್ತು.
ನೀರಿನಾಚೆ ಒಂದು ಬೆಳಕು ಎರಡಾಗಿತ್ತು.

ಚಳಿಗಾಲದಲ್ಲಿ ಮಾವನಿಗೆ ಹೊಳೆಯಿತು:
ಗೋಡೆಯ ಮೂಲೆಯಲ್ಲಿ ಹಳದಿ ಬಣ್ಣ ಕೆರೆದು
ಮೊಳೆಯೊಂದಕ್ಕೆ ತಂತಿಯ ತುದಿ ಬಿಗಿದ,
ಇನ್ನೊಂದು ತುದಿ ರೇಡಿಯೋ ಮೈಗೆ ಹತ್ತು ಸುತ್ತು.
ಯಾವ ತಗಡು ದನಿಯನ್ನು ಹೊರಗೆ ತಡೆದಿತ್ತೋ
ಅದೇ ತಗಡು, ಇಡೀ ಮನೆ, ಕಿವಿಯಾಯಿತು.
ಪುಂತಾ ಅರೆನಾಸ್ ಕೂಡ ಕೇಳಿತು, ಬೇಕಿರಲಿಲ್ಲ.

ಎಲ್ಲರ ಜೊತೆ ನಾನೂ ಮೇಜಿಗೆ ಕೂತೆ.
ಏಳಾದರೆ ಕೈ ತಾನಾಗಿ ಮೇಲೇಳುತ್ತಿತ್ತು,
ಬ್ರೆಡ್ಡು ಬೇಕೇ ಎಂದು ಕೇಳುತ್ತಿದ್ದರು.

ಆ ಎತ್ತು ಇನ್ನೂ ಆರು ವರ್ಷ ಉತ್ತಿತು.
ಹೋದಾಗಲೆಲ್ಲ ಹತ್ತಿರ ನಿಂತು ನೋಡುತ್ತಿದ್ದೆ.
ಅದು ಮೇಯುತ್ತಿತ್ತು,
ನನ್ನ ಕಡೆ ಒಮ್ಮೆ ಬಾಲ ಬೀಸಿ,
ನೊಣಕ್ಕೋ ನನಗೋ.