ಆರೂವರೆ ಮೊಳ

ಕೇಕು ಬೇಯಿಸುವ ನನ್ನ ದುಂಡು ತಟ್ಟೆ
ಒಂಬತ್ತು ವರ್ಷದಿಂದ ಮಾಡಿನ ಮೇಲೆ ಕವುಚಿಕೊಂಡಿದೆ.
ಅದರ ನೆತ್ತಿಗೆ ಅಣಬೆಯಂಥ ಆಂಟೆನಾ.
ತಗಡಿಲ್ಲದೆ ಅದಕ್ಕೆ ಕಿವಿ ಸರಿಯಾಗಿ ಕೇಳದು ಎನ್ನುತ್ತಾನೆ ರೊಸಮೆಲ್;
ಕೆಳಗಿನಿಂದ ಪುಟಿದು ಬರುವ ಸುಳ್ಳು ಸದ್ದನ್ನು
ತಟ್ಟೆ ತಡೆಯುತ್ತದಂತೆ.
ಒಲೆಯೊಳಗಿದ್ದಿದ್ದರೆ ಇಷ್ಟು ಹೊತ್ತಿಗೆ
ಎಷ್ಟು ಹುಟ್ಟುಹಬ್ಬ ಆಗುತ್ತಿದ್ದವೋ, ಲೆಕ್ಕ ಅವನೇ ಹಾಕಲಿ.

ಸರ್ವೆ ಇಲಾಖೆ ಅವನನ್ನು ಮನೆಗೆ ಕಳಿಸಿದಾಗ
ಅಳೆಯುವ ಚಟವನ್ನೂ ಜೊತೆಗೇ ಕಳಿಸಿತು.
ಇಪ್ಪತ್ತು ಸಾವಿರ ಕಿಲೋಮೀಟರು ಮೇಲೆ ಉಪಗ್ರಹಗಳು,
ಕೆಳಗೆ ಮೀನು ವಾಸನೆಯ ಈ ಚಿಲಿಯ ಊರು,
ನಡುವೆ ನನ್ನ ತಟ್ಟೆ.
ಊಟದ ಹೊತ್ತಿಗೆ ಅವನು ವಾರ್ತೆ ಓದುವವನ ಹಾಗೆ:
"ಎಡೆಲ್ಮೀರಾ, ಈ ವರ್ಷ ನಮ್ಮ ಮನೆ
ಎರಡು ಬೆರಳು ಮೂಡಲಿಗೆ ಸರಿದಿದೆ."
ಕಡಲ ತಳ ತಳ್ಳುತ್ತಿದೆ, ನೆಲ ತಳ್ಳಿಸಿಕೊಳ್ಳುತ್ತಿದೆ,
ನಾನು ಅವನ ತಾಯಿಯನ್ನು ಸಹಿಸಿದ ಹಾಗೆ, ಹಲ್ಲು ಕಚ್ಚಿ.
ಸಾರು ಆರುತ್ತದೆ, ತಿನ್ನು, ಎನ್ನುತ್ತಿದ್ದೆ.

ಫೆಬ್ರವರಿಯ ಒಂದು ಬೆಳಗಿನ ಜಾವ ಅದು ಸಹಿಸುವುದನ್ನು ಬಿಟ್ಟಿತು.

ಅದನ್ನು ಹೇಳಲಾರೆ. ಪಿಂಗಾಣಿಯ ಸದ್ದು ಮೊದಲು,
ಆಮೇಲೆ ನಾಯಿಗಳು ಸುಮ್ಮನಾದದ್ದು.
ಬರಿಗಾಲಲ್ಲಿ ಗುಡ್ಡ ಹತ್ತಿದೆವು, ಕಂಬಳಿ ಒಂದು, ಜನ ಏಳು.
ಕಡಲು ಮೂರು ಸಲ ಬಂದು ಹೋದದ್ದನ್ನು
ಕತ್ತಲಲ್ಲಿ ಕಿವಿಯಿಂದ ನೋಡಿದೆವು.
ಬೆಳಕು ಹರಿದಾಗ ಕೆಳಬೀದಿಯಲ್ಲಿ ಒನೋಫ್ರೆಯ ಮನೆ ಇರಲಿಲ್ಲ.
ಒನೋಫ್ರೆಯೂ.

ಹನ್ನೊಂದನೇ ದಿನ ಕರೆಂಟು ಬಂತು.
ಯಂತ್ರ ಎಚ್ಚತ್ತು, ತನ್ನ ಹಳೆಯ ಜಾಗವನ್ನು ನೆನಪಿಗೆ ತಂದುಕೊಂಡು,
ಆಕಾಶಕ್ಕೆ ಕಿವಿಗೊಟ್ಟು,
ಕೆಂಪು ದೀಪ ಹೊತ್ತಿಸಿತು: ನೀವು ಹೇಳಿದಲ್ಲಿ ನಾನಿಲ್ಲ.
ರೊಸಮೆಲ್ ತಂತಿ ಕಿತ್ತು ಸಿಕ್ಕಿಸಿದ, ಮಾಡು ಹತ್ತಿ ಇಳಿದ.
ತಟ್ಟೆಯ ಒಂದು ತಿರುಪೂ ಸಡಿಲವಾಗಿಲ್ಲ.
ಸಂಜೆ ಮೊಣಕೈ ಊರಿ ಮೊಳ ಹಾಕುತ್ತ ಹೋದ,
ಮೇಜಿನ ಅಂಚಿಂದ ಬಾಗಿಲು, ಬಾಗಿಲಾಚೆ ಪ್ಲಮ್ ಗಿಡದ ಬುಡ:
ಆರೂವರೆ.
ಪಡುವಲಿಗೆ. ಎಷ್ಟು ತಲೆಮಾರು ತಳ್ಳಿಸಿಕೊಂಡಿತ್ತೋ
ಅಷ್ಟೂ ಒಂದೇ ಉಸಿರಿಗೆ ಕಡಲಿಗೆ ವಾಪಸ್ಸು.

ಪಕ್ಕದ ಬೆಲಾರ್ಮಿನೊ ಓಡಿ ಬಂದ:
"ಹಾಗಾದರೆ ನನ್ನ ಗೋಡೆ ನಿಮ್ಮ ಅಂಗಳದೊಳಗೋ?"
"ನಿನ್ನ ಗೋಡೆ, ನನ್ನ ಪ್ಲಮ್, ಇಗರ್ಜಿ, ಬಸ್ ನಿಲ್ದಾಣ,
ಎಲ್ಲ ಒಟ್ಟಿಗೆ ಹೋಗಿವೆ."
"ಅಂದ ಮೇಲೆ ಯಾರೂ ಕದಲಿಲ್ಲ!"
ಒಂದು ಲೋಟ ವೈನ್ ಕುಡಿದು ನಿರಾಳವಾಗಿ ನಡೆದ.
ಊರವರ ಫೋನುಗಳೂ ತುಟಿ ಪಿಟಕ್ಕೆನ್ನಲಿಲ್ಲ;
ಅವು ದಿನವೂ ಇಷ್ಟೇ ದೂರ ತಪ್ಪುತ್ತವೆ, ನಾಚಿಕೆಯಿಲ್ಲದೆ.

ಅಂಕಿ ನಿಲ್ಲಲೂ ಇಲ್ಲ. ನಡುಕ ನಿಂತ ಮೇಲೂ
ನೆಲ ಸದ್ದಿಲ್ಲದೆ ಸರಿಯುತ್ತಿತ್ತು, ವಾರಕ್ಕೆ ಅಕ್ಕಿಕಾಳಿನಷ್ಟು.
ನೋಟುಪುಸ್ತಕದಲ್ಲಿ ಹಳೆಯದರ ಮೇಲೆ ಗೆರೆ, ಹೊಸದು, ಮತ್ತೆ ಗೆರೆ.

ಏಪ್ರಿಲಿನಲ್ಲಿ ಒನೋಫ್ರೆಯ ಹೆಂಡತಿ ದೊಮಿತಿಲಾ ಬಂದಳು.
ಕೂರಲಿಲ್ಲ.
"ಕೆಳಗೆ ಬರೀ ಮರಳು. ನನ್ನ ಮನೆ ಎಲ್ಲಿತ್ತು ಹೇಳು."
ಅವರ ಮದುವೆಯ ವರ್ಷ ಆ ನಿವೇಶನ ಅಳೆದವನು ಇವನೇ.
ಹಳೇ ಕಡತ ಸಿಕ್ಕಿತು. ಆ ಅಂಕಿಯನ್ನೇ ಹಿಡಿದು ಹೊರಟಿದ್ದರೆ
ಅವಳನ್ನು ಪಕ್ಕದ ಓಣಿಯಲ್ಲಿ ನಿಲ್ಲಿಸುತ್ತಿದ್ದ.
ರಾತ್ರಿಯಿಡೀ ಕೂತು ಕೂಡಿಸಿದ, ಕಳೆದ,
ಬೆಳಿಗ್ಗೆ ಮರಳಿನಲ್ಲಿ ನಾಲ್ಕು ಗೂಟ ನೆಟ್ಟ.

ದೊಮಿತಿಲಾ ಬಾಗಿಲಿದ್ದ ಕಡೆಯಿಂದಲೇ ಒಳಗೆ ಹೋದಳು.
ಎಡಕ್ಕೆ ತಿರುಗಿ, ಬಗ್ಗಿ,
ಹೊಸ್ತಿಲ ಕಲ್ಲೋ ಏನೋ ಹುಡುಕುವವಳ ಹಾಗೆ
ಬೆರಳಿಂದ ಕೆದಕಿದಳು. ಹಸಿ ಮರಳು, ಒಂದು ಚಿಪ್ಪು.
"ಒಲೆ ಇಲ್ಲಿ," ಅಂದಳು, ಯಾರಿಗೂ ಅಲ್ಲ.

ತಟ್ಟೆಯನ್ನು ನಾನು ಆಮೇಲೆ ಕೇಳಿಲ್ಲ.
ಸಂತೆಯಲ್ಲಿ ಇನ್ನೊಂದು ಕೊಂಡೆ, ಚೌಕದ್ದು.
ಮೂಲೆಗಳಲ್ಲಿ ಕೇಕು ಸೀಯುತ್ತದೆ.